ನೆನಪಿಲ್ಲದ ಫೈನಲ್

ಬದುಕಿನಲ್ಲಿ ತಾನಾಡಿದ ಅತ್ಯುತ್ತಮ ಆಟವೇ ಸುಕನ್ಯಾಗೆ ನೆನಪಿರಲಿಲ್ಲ.

ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳ ಹೊಗೆಯ ಕೆಳಗೆ ಚೆಂಡು ಒದ್ದು ಬೆಳೆದ ಹುಡುಗಿ ಅವಳು. ಇಪ್ಪತ್ತಾರನೆಯ ವಯಸ್ಸಿಗೆ ಕೋಲ್ಕತ್ತಾದ ಕ್ಲಬ್ಬೊಂದರಲ್ಲಿ ಮಿಡ್‌ಫೀಲ್ಡರ್ ಆಗಿದ್ದಳು. ಆ ಬೇಸಿಗೆಯ ಫೈನಲ್‌ನಲ್ಲಿ ಎತ್ತರದ ಚೆಂಡಿಗೆ ಜಿಗಿದಾಗ ಎದುರಾಳಿಯ ಹಣೆ ಅವಳ ಕಿವಿಯ ಮೇಲ್ಗಡೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಅಲ್ಲಿಯವರೆಗೆ ಗೊತ್ತು. ಅದಾದ ಮೇಲೆ ಗೊತ್ತಿದ್ದದ್ದು ಕೊರಳಲ್ಲಿ ಪದಕ ಹಾಕಿಕೊಂಡು ಬಸ್ಸಿನಲ್ಲಿ ಕೂತಿದ್ದು, ಸುತ್ತ ಎಲ್ಲರೂ ಹಾಡುತ್ತಿದ್ದದ್ದು. ನಡುವೆ ಏನೂ ಇಲ್ಲ.

ಕ್ಲಬ್ಬಿನ ಡಾಕ್ಟರು ಕೇಳಿದಾಗ "ಏನೂ ಆಗಿಲ್ಲ" ಎಂದಳು. ಆ ರಾತ್ರಿ ಮೊಬೈಲಿನಲ್ಲಿ ಪಂದ್ಯ ನೋಡಿದಳು. ಪೆಟ್ಟು ಬಿದ್ದವಳು ಎದ್ದು, ತಲೆ ಕೊಡವಿ, ಮೂವರನ್ನು ದಾಟಿ ಗೆಲುವಿನ ಗೋಲಿಗೆ ಚೆಂಡು ಕೊಟ್ಟಿದ್ದಳು. ತನ್ನ ಅಂಗಿ ತೊಟ್ಟ ಬೇರೆ ಯಾರನ್ನೋ ನೋಡಿದ ಹಾಗಾಯಿತು ಸುಕನ್ಯಾಗೆ. ವಾರದೊಳಗೆ ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆ ಬಂತು. ಆ ಬೇರೆಯವಳು ಗಳಿಸಿದ ಕರೆ ಅದು.

ಶಿಬಿರಕ್ಕೆ ಮೊದಲು ಕೆಲ ದಿನ ಇದ್ದು ಹೋಗಲು ಊರಿಗೆ ಬಂದಳು. ಬಿಸಿಲಿಗೆ ಬಂದರೆ ಕಣ್ಣೊಳಗೆ ಸೂಜಿ ಚುಚ್ಚಿದ ಹಾಗೆ. ಮಿಕ್ಸರ್ ತಿರುಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವ ಹುಲಿಗವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. "ಮಂದಿ ಕಣ್ಣು ಭಾಳ ಕೆಟ್ಟದ್ದು, ಯವ್ವಾ" ಎಂದಳು. ಸುಕನ್ಯಾ ನಕ್ಕಳು, ಆದರೆ ಬೇಡ ಅನ್ನಲಿಲ್ಲ.

ಒಂದು ಮಧ್ಯಾಹ್ನ ತಲೆನೋವಿನ ಗುಳಿಗೆ ತರಲು ಕೊಪ್ಪಳದ ಬಸ್ಸು ಹತ್ತುತ್ತೇನೆಂದು ಮನೆಯಿಂದ ಹೊರಟಳು. ಎಚ್ಚರವಾದ ಹಾಗೆ ಸುತ್ತ ನೋಡಿದಾಗ ಕುಷ್ಟಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಅರ್ಧ ತಿಂದ ಮಿರ್ಚಿ ಭಜಿ. ನಿದ್ದೆ ಮಾಡಿರಲಿಲ್ಲ, ಪಕ್ಕದ ಹೆಂಗಸು ಇವಳ ಜೊತೆ ಅದೇನೋ ಮಾತಿನ ನಡುವೆ ಇದ್ದಳು. "ಮುಂದ ಹೇಳವಾ, ಆಮ್ಯಾಲ ಏನಾತು?" ಎಂದಳು ಆಕೆ. ತಾನು ಏನು ಹೇಳುತ್ತಿದ್ದೆ ಎಂಬುದು ಸುಕನ್ಯಾಗೆ ತಿಳಿಯಲಿಲ್ಲ. ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದಳು, ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಹೇಮಾವತಿ ಬಂದಳು. ಸಾಲೆಯ ತಂಡದಲ್ಲಿ ಅವಳು ಗೋಲ್‌ಕೀಪರ್, ಸುಕನ್ಯಾ ಮಿಡ್‌ಫೀಲ್ಡ್. ಈಗ ಹೇಮಾವತಿ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಪಿ.ಟಿ. ಟೀಚರು. ಚಹಾ ಹಿಡಿದು ಕಟ್ಟೆಯ ಮೇಲೆ ಕೂತು, ಪಂದ್ಯವನ್ನು ಟಿವಿಯಲ್ಲಿ ನೋಡಿದ್ದರೂ ಫೈನಲ್ ಗೋಲಿನ ಕಥೆ ನೀನೇ ಹೇಳು ಎಂದು ಗಂಟುಬಿದ್ದಳು. ಸುಕನ್ಯಾ ಹೇಳಿದಳು: ಎಡಗಡೆ ಇಬ್ಬರು ಓಡಿದ್ದು, ತಾನು ಮೂವರ ನಡುವೆ ತೂರಿದ್ದು, ಬಲಗಡೆ ಮೂಲೆಯಲ್ಲಿ ಕೋಚ್ ಎದ್ದು ನಿಂತದ್ದು.

ಹೇಮಾವತಿಯ ನಗು ನಿಧಾನವಾಗಿ ಇಳಿಯಿತು.

"ಸುಕ್ಕಿ, ಕೋಚು ನಿನ್ನ ಬೆನ್ನ ಹಿಂದ ಇದ್ದಳಲ್ಲ. ನಿನಗ ಹೆಂಗ ಕಂಡಳು?"

"ಕಂಡಳವಾ. ಹೊಳ್ಳಿ ನೋಡಿದ್ದೆ."

"ಇಲ್ಲ. ನೀ ಟಿವಿಯೊಳಗ ಕಂಡಂಗ ಹೇಳಾಕತ್ತಿ. ಮೈದಾನದಾಗ ಇದ್ದಾಕಿ ಹೇಳಿದಂಗಿಲ್ಲ." ಲೋಟ ಕೆಳಗಿಟ್ಟಳು. "ನಿನಗ ನೆನಪೈತೋ ಇಲ್ಲೋ?"

"ಐತಿ" ಎಂದಳು ಸುಕನ್ಯಾ, ಜೋರಾಗಿ. ಒಳಗಿನಿಂದ ಅವ್ವ ಹಣಕಿದಳು.

ಎರಡು ದಿನಕ್ಕೆ ಗಂಗಾವತಿಯಲ್ಲಿ ಸನ್ಮಾನ, ಅದರ ಹಿಂದೆಯೇ ಒಂದು ಸ್ನೇಹದ ಪಂದ್ಯ ಇತ್ತು. ಅಣ್ಣ ಯಮನೂರ ಊರಿಗೆಲ್ಲ ಸಾರಿಬಿಟ್ಟಿದ್ದ. ಆಡಬೇಡ ಎಂದು ಹೇಮಾವತಿ ಬೇಡಿಕೊಂಡಳು. ಡಾಕ್ಟರಿಗೆ ತೋರಿಸೋಣ ಎಂದಳು. ತೋರಿಸಿದರೆ ಶಿಬಿರದವರಿಗೆ ಗೊತ್ತಾಗುತ್ತದೆ ಎಂದು ಸುಕನ್ಯಾ ಒಪ್ಪಲಿಲ್ಲ. ಕೊನೆಗೆ ಹೇಮಾವತಿ, "ಹಂಗಾರ ನಿನ್ನ ಟೀಮಿನ ಗೋಲಿನ್ಯಾಗ ನಾನು ನಿಂದರತೀನಿ" ಎಂದಷ್ಟೇ ಹೇಳಿ ಎದ್ದಳು.

ಗಂಗಾವತಿಯಲ್ಲಿ ಜನ ಗೋಡೆಯ ಮೇಲೂ ಹತ್ತಿ ಕೂತಿದ್ದರು. ಮೊದಲರ್ಧ ಚೆನ್ನಾಗಿಯೇ ಹೋಯಿತು. ಹೇಮಾವತಿ ಒಂದು ಚೆಂಡನ್ನೂ ಎತ್ತರಕ್ಕೆ ಒದೆಯಲಿಲ್ಲ; ಎಲ್ಲವನ್ನೂ ನೆಲದ ಮೇಲೆಯೇ ಉರುಳಿಸಿ ಕೊಟ್ಟಳು. ದ್ವಿತೀಯಾರ್ಧದಲ್ಲಿ ಎದುರು ತಂಡದವರು ಒದ್ದ ಚೆಂಡು ಮೇಲಿಂದ ಬಂತು. ಬಿಟ್ಟುಬಿಡಬಹುದಿತ್ತು. ಮೈ ಕೇಳಲಿಲ್ಲ, ಜಿಗಿಯಿತು. ಚೆಂಡು ಹಣೆಗೆ ಮೆಲ್ಲಗೆ ತಾಗಿತು, ಅಷ್ಟೇ.

ತಲೆನೋವು ಹಾರಿಹೋಯಿತು. ಎಷ್ಟೋ ದಿನದ ಮೇಲೆ ಬೆಳಕು ಹಿತವಾಗಿತ್ತು. ಚೆಂಡು ಕಾಲಿಗೆ ಅಂಟಿಕೊಂಡಿತ್ತು. ಸುಕನ್ಯಾ ಓಡಿದಳು. ಹಳದಿ ಅಂಗಿಯವರು ಯಾಕೋ ಹಿಂದೆಯೇ ಉಳಿದರು. ತನ್ನದೇ ನೀಲಿ ಅಂಗಿಯ ಹುಡುಗಿಯರು ಎದುರಿಗೆ ಬಂದು ಕೈ ಬೀಸಿ ಏನೋ ಕೂಗುತ್ತಿದ್ದರು. "ಮುಂದ ಓಡ್ರಿ!" ಎಂದು ಗದರಿಸಿ ಅವರನ್ನೂ ದಾಟಿದಳು. ಜನ ನಗುತ್ತಿದ್ದರು. ಖುಷಿಯ ನಗು ಎಂದುಕೊಂಡಳು. ಎದುರಿಗೆ ಗೋಲು, ಗೋಲಿನ ಮುಂದೆ ಕೈ ಅಗಲಿಸಿ ನಿಂತ ಒಬ್ಬಳು.

ಆ ಒಬ್ಬಳು ಚೆಂಡಿನತ್ತ ನೋಡಲೂ ಇಲ್ಲ. ಓಡಿ ಬಂದು ಸುಕನ್ಯಾಳನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದಳು. ಚೆಂಡು ತಾನಾಗಿಯೇ ಉರುಳಿ ಬಲೆ ಸೇರಿತು. ಸಿಳ್ಳೆ ಎದ್ದವು.

"ಬಿಡವಾ ನನ್ನ!"

"ಸುಕ್ಕಿ, ನಾನು, ಹೇಮಾ. ಇದು ನಮ್ಮ ಗೋಲು. ಹಾಫ್‌ಟೈಮ್ ಮುಗದು ಈ ಕಡಿ ಬಂದೇವಿ."

"ಹಾಫ್‌ಟೈಮ್ ಎಲ್ಲಾಗೇತಿ ಇನ್ನ?"

ಹೇಮಾವತಿಯ ಹಿಡಿತ ಬಿಗಿಯಾಯಿತು. ಸುಕನ್ಯಾ ಸುತ್ತ ನೋಡಿದಳು. ಹೇಮಾವತಿ ಆಗ ಆ ತುದಿಯ ಗೋಲಿನಲ್ಲಿದ್ದಳು; ಈಗ ಅಲ್ಲಿ ಎದುರು ತಂಡದ ಕೀಪರ್ ನಿಂತಿದ್ದಳು. ಸುಕನ್ಯಾ ಹುಲ್ಲಿಲ್ಲದ ಆ ನೆಲದ ಮೇಲೆ ಕೂತು ಮೊದಲ ಸಲ ಬಾಯಿಬಿಟ್ಟಳು: "ಹೇಮಾ, ನನಗ ಫೈನಲ್ಲು ನೆನಪಿಲ್ಲ. ಒಂದೀಟೂ ಇಲ್ಲ."

ಜನ ಇನ್ನೂ ನಗುತ್ತಲೇ ಇದ್ದರು. ಯಮನೂರ ಮಾತ್ರ ಮೈದಾನದೊಳಕ್ಕೆ ಓಡಿ ಬರುತ್ತಿದ್ದ.

ಅವತ್ತು ಸಂಜೆಯೇ ಸುಕನ್ಯಾ ಶಿಬಿರದ ಕೋಚ್‌ಗೆ ಫೋನ್ ಮಾಡಿದಳು. ಬೇರೆ ಯಾರೂ ಮಾತಾಡುವುದು ಬೇಡ ಎಂದಳು. ಪೆಟ್ಟು, ಮರೆವು, ಕುಷ್ಟಗಿ, ಎಲ್ಲವನ್ನೂ ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೋಚ್ ಕೇಳಿದರು. ಹೇಳಿದ್ದರೆ ನೀವು ಕರೆಯುತ್ತಿದ್ದಿರಾ ಎಂದಳು ಸುಕನ್ಯಾ. ಶಿಬಿರಕ್ಕೆ ಬರಬೇಡ, ಮೊದಲು ಮಿದುಳಿನ ಡಾಕ್ಟರಿಗೆ ತೋರಿಸು ಎಂದು ಹೇಳಿ ಅವರು ಫೋನಿಟ್ಟರು. ಸುಕನ್ಯಾ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅತ್ತ ಮೇಲೆ ಎದೆ ಹಗುರಾಯಿತು. ಎರಡು ರೊಟ್ಟಿ ತಿಂದು ಮಲಗಿದಳು.

ಮರುದಿನ ಹುಲಿಗವ್ವ, ಹೇಮಾವತಿ ಅವಳನ್ನು ಕರೆದುಕೊಂಡು ಹುಬ್ಬಳ್ಳಿಯ ರೈಲು ಹತ್ತಿದರು. ಕೊಪ್ಪಳ ಹೋಯಿತು, ಭಾನಾಪುರ ಹೋಯಿತು. ಅವ್ವ ಬಾಳೆಹಣ್ಣು ಸುಲಿದು ಕೊಟ್ಟಳು. ಸುಕನ್ಯಾ ಗೆಲುವಾಗಿಯೇ ಇದ್ದಳು. ಹೊಲದಲ್ಲಿ ಕುರಿ ಹಿಂಡು ಕಂಡು ತೋರಿಸಿದಳು. ಗದಗ ಹತ್ತಿರವಾದಾಗ ಕಿಟಕಿಯಿಂದ ಹೊರಳಿ, ಹೇಮಾವತಿಯ ಕೈ ಹಿಡಿದಳು.

"ಹೇಮಾ, ನಾ ಒಂದು ಗಟ್ಟಿ ಮನಸು ಮಾಡೇನಿ" ಎಂದಳು. "ಕೋಚ್‌ಗೆ ಫೋನ್ ಮಾಡಿ ಎಲ್ಲಾ ಹೇಳಿಬಿಡತೀನಿ. ಮುಚ್ಚಿಡೂದು ಸಾಕಾತು. ಏನಂತಿ?"

ಹುಲಿಗವ್ವನ ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಾಗೆಯೇ ನಿಂತಿತು. ಹೇಮಾವತಿ ಗೆಳತಿಯ ಮುಖವನ್ನೇ ನೋಡಿದಳು. ಅದರಲ್ಲಿ ಹೆದರಿಕೆಯೂ ಇತ್ತು, ಉತ್ತರಕ್ಕಾಗಿ ಕಾಯುವ ಆಸೆಯೂ ಇತ್ತು.

"ಛಲೋ ಆತು" ಎಂದಳು ಹೇಮಾವತಿ. "ಹೇಳು. ನಾ ಬಾಜೂಕ ಇರ್ತೀನಿ."