ನೀಲಿ ಮುಚ್ಚಳ, ಕೆಂಪು ಮುಚ್ಚಳ

ನನ್ನ ಅಚ್ಚುಕಟ್ಟುತನಕ್ಕೆ ಮನೆಯಲ್ಲಿ ಎಲ್ಲರೂ ಹೆದರುತ್ತಾರೆ. ಚಮಚಗಳನ್ನೂ ಉದ್ದದ ಪ್ರಕಾರ ಜೋಡಿಸುವವಳು ನಾನು. ಪ್ರಯೋಗಾಲಯದಲ್ಲೂ ಈ ಚಾಳಿ ಬಿಡಲಿಲ್ಲ.

ಅಲ್ಲಿ ನಾವು ಒಂದೇ ಒಂದು ಜೀನಿನ ಬೆನ್ನು ಹತ್ತಿದ್ದೆವು. ಸ್ಕಿಜೋಫ್ರೀನಿಯಾ ಇರುವ ನಾನೂರು ಜನರ ರಕ್ತ, ಇಲ್ಲದ ನಾನೂರು ಜನರ ರಕ್ತ. ಆ ಜೀನಿನ ಒಂದು ರೂಪ ರೋಗಿಗಳಲ್ಲೇ ಹೆಚ್ಚಿದೆಯೇ ಎಂದು ನೋಡಬೇಕಿತ್ತು. ನನ್ನ ಅಣ್ಣನಿಗೂ ಅದೇ ಕಾಯಿಲೆ. ಮಾತ್ರೆ ನುಂಗಿಕೊಂಡು, ಗಡಿಯಾರ ರಿಪೇರಿ ಮಾಡಿಕೊಂಡು, ನನ್ನನ್ನು ಗೇಲಿ ಮಾಡಿಕೊಂಡು ಆರಾಮಾಗಿದ್ದಾನೆ. ನಾನು ಮಾತ್ರ ಮದುವೆಯಾಗಿ ಐದು ವರ್ಷವಾದರೂ ಮಗುವಿನ ಮಾತು ಬಂದಾಗಲೆಲ್ಲ ಗಂಡನ ಮುಂದೆ ನೆಪ ಹೇಳುತ್ತಿದ್ದೆ. ಮಗುವಿಗೂ ಬಂದರೆ ಎಂಬ ಭಯ.

ಫಲಿತಾಂಶ ಬಂದ ದಿನ, ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೋಗಿಗಳಲ್ಲಿ ಆ ರೂಪ ಎರಡರಷ್ಟಿತ್ತು. ಅಣ್ಣನಲ್ಲಿದ್ದರೆ ನನ್ನಲ್ಲೂ ಇರಬಹುದಲ್ಲ ಎಂದು ನಾನು ಲೆಕ್ಕ ಹಾಕತೊಡಗಿದೆ.

ಅಂಕಿಅಂಶ ನೋಡುವ ಸಾರ್ ಮಾತ್ರ ಮೂಗು ಮುರಿದರು. "ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಅನುಮಾನ. ಟ್ಯೂಬ್‌ಗಳನ್ನ ಹೇಗೆ ಜೋಡಿಸಿದ್ರಿ?"

"ನೀಲಿ ಮುಚ್ಚಳದ್ದೆಲ್ಲ ಹಳೇ ಮೆಷಿನ್‌ಗೆ, ಕೆಂಪು ಮುಚ್ಚಳದ್ದೆಲ್ಲ ಹೊಸದಕ್ಕೆ," ಎಂದೆ ಹೆಮ್ಮೆಯಿಂದ.

ಅವರು ತಲೆಯ ಮೇಲೆ ಕೈಹೊತ್ತು ಕೂತರು. ಯಾವುದು ಯಾರದೆಂದು ನನಗೆ ತಿಳಿಯದಿರಲೆಂದು ಬರೀ ನಂಬರ್ ಹಾಕಿ ಕೊಟ್ಟಿದ್ದರು. ಆಸ್ಪತ್ರೆಯಿಂದ ಬಂದ ರೋಗಿಗಳ ಟ್ಯೂಬಿಗೆಲ್ಲ ನೀಲಿ ಮುಚ್ಚಳವೇ ಇದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಎರಡೂ ಬಣ್ಣದ ಟ್ಯೂಬುಗಳನ್ನು ಕಲೆಸಿ ಎರಡೂ ಯಂತ್ರಗಳಿಗೆ ಹಾಕಬೇಕಿತ್ತು. ಹಳೆಯ ಯಂತ್ರವೋ, ಇಲ್ಲದ್ದನ್ನೂ ಇದೆ ಎನ್ನುವ ಜಾತಿಯದು.

ಚೆನ್ನಾಗಿ ಬೈಸಿಕೊಂಡು, ಎಂಟುನೂರು ಟ್ಯೂಬುಗಳನ್ನೂ ಕಲೆಸಿ, ಮತ್ತೆ ಎರಡು ವಾರ ದುಡಿದೆ. ಈ ಸಲ ಎರಡೂ ಗುಂಪು ಸಮಸಮ. ಮೇಡಂ ಮುಖ ಬಾಡಿತು. ನಾನು ನಗು ತಡೆಯಲಾರದೆ ಕಪಾಟಿನ ಹಿಂದೆ ಹೋದೆ.

"ತುಂಬಾ ಕುಣೀಬೇಡ," ಎಂದರು ಮೇಡಂ. "ಈ ಜೀನ್ ಅಲ್ಲ, ಅಷ್ಟೇ. ಇನ್ನೂ ನೂರಾರಿವೆ."

ಖುಷಿ ಅಲ್ಲಿಗೇ ಠುಸ್ಸೆಂದಿತು. ನೂರಾರು ಮುಗಿಯುವವರೆಗೆ ಕಾದರೆ ನನಗೆ ಮುಪ್ಪು ಬರುತ್ತದೆ. ಸಂಜೆ ನೇರ ಅಣ್ಣನ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟೆ, ಐದು ವರ್ಷದ ಭಯವನ್ನೂ. ಅವನಿಗೆ ನೋವಾದೀತೆಂದು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ.

ಅವನು ಕೈಯಲ್ಲಿದ್ದ ಗಡಿಯಾರದಿಂದ ಕಣ್ಣೆತ್ತಲಿಲ್ಲ.

"ನಂಗೆ ಶುರುವಾದಾಗ ಮನೇಲಿ ಯಾರಿಗೂ ಏನಂತ ತಿಳೀಲಿಲ್ಲ ಕಣೇ. ಎರಡು ವರ್ಷ ಸುಮ್ನೆ ಹಾಳಾಯ್ತು. ನಿನ್ ಮಗುಗೆ ಬರದೇ ಇರ್ಲಿ. ಬಂದ್ರೆ, ಮೊದಲನೇ ದಿನಾನೇ ಗುರುತು ಹಿಡಿಯೋಕೆ ಸೋದರಮಾವ ಇದಾನೆ."

ಅಂಗಡಿಯಿಂದಲೇ ಗಂಡನಿಗೆ ಫೋನ್ ಮಾಡಿ, ಇನ್ನು ಕಾಯುವುದು ಬೇಡ ಎಂದೆ.