ನಲವತ್ತೆರಡು ಬಲಗಾಲು

ಮೂವರು ಗೈಡುಗಳ ಕೈಕೆಳಗೆ ಒಬ್ಬಳೇ ಸಂಶೋಧನೆ ಮಾಡಬೇಕೆಂದಿದ್ದೇನೆ ಎಂದು ಯಾರಾದರೂ ನನ್ನ ಹತ್ತಿರ ಬಂದರೆ, ಮೊದಲು ಕೂರಿಸಿ ನೀರು ಕೊಡುತ್ತೇನೆ. ಆಮೇಲೆ ಬೇಡ ಎನ್ನುತ್ತೇನೆ. ನನಗೆ ಹಾಗೆ ಹೇಳುವವರು ಇರಲಿಲ್ಲ. ಇದ್ದಿದ್ದರೂ ನಾನು ಕೇಳುವ ಪೈಕಿ ಅಲ್ಲ, ಆ ಮಾತು ಬೇರೆ.

ನನ್ನ ವಿಷಯ ಒಂದು ವಿಭಾಗದಲ್ಲಿ ಹಿಡಿಸುತ್ತಿರಲಿಲ್ಲ. ಜೌಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸರ ಪಾದ ನನ್ನ ವಿಷಯ. ಪಾದ ಎಂದಮೇಲೆ ಅಂಗರಚನಾ ವಿಭಾಗದ ಎಲುಬು ಮೇಷ್ಟ್ರು ಬೇಕು. ಜೊಂಡು ಎಂದಮೇಲೆ ಪರಿಸರ ವಿಭಾಗದ ಮೇಡಂ ಬೇಕು. ಅವರನ್ನು ಎಲ್ಲರೂ ಕೆಸರು ಮೇಡಂ ಎನ್ನುತ್ತಿದ್ದರು, ಅವರ ಕಾರಿನ ಸೀಟು ನೋಡಿದವರಿಗೆ ಕಾರಣ ಗೊತ್ತು. ತಾಯಿ ಮಗಳಿಗೆ ಹೆಣಿಗೆ ಹೇಗೆ ಕಲಿಸುತ್ತಾಳೆ ಎಂಬುದಕ್ಕೆ ಸಂಸ್ಕೃತಿ ಅಧ್ಯಯನದ ಮೇಷ್ಟ್ರು ಬೇಕು. ಅವರು ಬಾಯಿ ತೆರೆದರೆ ಊಟದ ಹೊತ್ತು ದಾಟುತ್ತಿದ್ದುದರಿಂದ ಮಾತಿನ ಮೇಷ್ಟ್ರು. ಮೂವರೂ ಒಂದೇ ಕಟ್ಟಡದ ಮೂರು ಮಹಡಿಗಳಲ್ಲಿದ್ದರು. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸಲು ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆದುಹೋಗಿತ್ತು.

ಇಷ್ಟೆಲ್ಲ ಯಾಕೆ ಮೈಮೇಲೆ ಎಳೆದುಕೊಂಡೆ ಎಂದರೆ, ನಾನು ಮೊದಲು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದವಳು. ಚಾಪೆ ಹೆಣೆಯುವವರ ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿದಿರುತ್ತದೆ. ಅಲ್ಲಿನ ಡಾಕ್ಟರು ಅದನ್ನು ನೋಡಿದ ಕೂಡಲೇ ‘ಹುಟ್ಟು ಊನ’ ಎಂದು ಬರೆಯುತ್ತಿದ್ದರು. ಒಂದು ಸಲ ಒಬ್ಬಾಕೆಯ ಬೆರಳುಗಳನ್ನು ಜೋಡಿಸಿ, ಪಟ್ಟಿ ಕಟ್ಟಿ, ಎರಡು ತಿಂಗಳಲ್ಲಿ ಅದನ್ನು ‘ಸರಿ’ ಮಾಡಿದರು. ಪಟ್ಟಿ ಬಿಚ್ಚಿದಮೇಲೆ ಆಕೆಯ ಕಾಲಿಗೆ ಜೊಂಡು ಹಿಡಿಯಲು ಬರಲಿಲ್ಲ. ನೆಟ್ಟಗಿದ್ದ ಕಾಲನ್ನು ಕೆಡಿಸಿ ಕಳಿಸಿದ್ದೆವು, ಅದಕ್ಕೆ ಆಕೆ ನಮಗೇ ಕೈಮುಗಿದು ಹೋದಳು. ಆ ಪಾದ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು ಎಂದು ಅಂಕಿ ಸಮೇತ ತೋರಿಸಿಯೇ ತೀರುತ್ತೇನೆ, ಇನ್ನೊಬ್ಬಳ ಬೆರಳಿಗೆ ಆ ಪಟ್ಟಿ ಬೀಳಬಾರದು ಎಂದು ಪಟ್ಟು ಹಿಡಿದು ನಲವತ್ತನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದೆ.

ಮೂರು ವರ್ಷ ಅಳೆದೆ. ಚಾಪೆ ಹೆಣೆಯುವ ನಲವತ್ತೆರಡು ಹೆಂಗಸರು, ಹೆಣೆಯದ ನಲವತ್ತೆರಡು ಹೆಂಗಸರು. ಕೊನೆಗೆ ಲೆಕ್ಕ ಹಾಕಿದರೆ ಎರಡೂ ಗುಂಪಿನ ಪಾದ ಹೆಚ್ಚುಕಡಿಮೆ ಒಂದೇ. ಬೆರಳ ಸಂದಿ ಅಲ್ಲೂ ನಾಲ್ಕು ಮಿಲಿಮೀಟರು, ಇಲ್ಲೂ ನಾಲ್ಕು.

ಎಲುಬು ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ವ್ಯತ್ಯಾಸ ಕಂಡುಬಂದಿಲ್ಲ ಎನ್ನುವುದೂ ಒಂದು ಫಲಿತಾಂಶವೇ, ಹಾಗೇ ಬರೆದು ಮುಗಿಸಿಬಿಡು ಎಂದರು. ನನ್ನ ನೋಂದಣಿಯ ಅವಧಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಮಾತಿನ ಮೇಷ್ಟ್ರು ಕೂಡ ಅವತ್ತು ಎರಡೇ ವಾಕ್ಯದಲ್ಲಿ ಮಾತು ಮುಗಿಸಿದರು ಎಂದರೆ ನನ್ನ ಸ್ಥಿತಿ ಎಷ್ಟು ಕೆಟ್ಟಿತ್ತೆಂದು ಊಹಿಸಬಹುದು. ನಾನು ಹಾಗೆ ಬರೆದರೆ ಡಾಕ್ಟರ ‘ಹುಟ್ಟು ಊನ’ಕ್ಕೆ ನಾನೇ ಮೊಹರು ಒತ್ತಿದಂತೆ. ಬರೆಯುವುದಿಲ್ಲ ಎಂದು ಹೇಳಿ ಎದ್ದುಬಂದೆ. ಮತ್ತೇನು ಬರೆಯುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಅಳತೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತಿದ್ದೆ. ನಮ್ಮ ಅತ್ತೆ ಮೂವತ್ತು ವರ್ಷ ಟೈಲರಿಂಗ್ ಮಾಡಿದವರು. ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣು ಮಾತ್ರ ಕೆಲಸ ಬಿಟ್ಟಿಲ್ಲ. ಯಾರ ಅಂಗಿ ನೋಡಿದರೂ ಹೊಲಿಗೆ ಎಲ್ಲಿ ತಪ್ಪಿದೆ ಎಂದು ಹೇಳದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ಗುಂಡಿ ಹಚ್ಚುತ್ತಿದ್ದವರು ಕತ್ತು ಚಾಚಿ ಹಾಳೆ ನೋಡಿದರು. ಇದು ಯಾವ ಕಾಲಿನ ಅಳತೆ ಎಂದು ಕೇಳಿದರು. ಎಡಗಾಲು, ನಿಯಮದ ಪ್ರಕಾರ ಎಡಗಡೆಯನ್ನೇ ಅಳೆಯಬೇಕು ಎಂದೆ. ಬಲಗಾಲಿನದೆಲ್ಲಿ ಎಂದರು. ಎರಡೂ ಒಂದೇ ಇರುತ್ತದಲ್ಲ ಅತ್ತೆ, ಅದಕ್ಕೇ ಅಳೆಯುವುದಿಲ್ಲ ಎಂದೆ.

ಅತ್ತೆ ಸೂಜಿ ಕೆಳಗಿಟ್ಟರು.

“ಒಂದೇ ಇರುತ್ತೆ ಅಂತ ಯಾರೇ ಹೇಳಿದ್ದು ನಿಂಗೆ? ಮೂವತ್ತು ವರ್ಷದಲ್ಲಿ ಒಂದು ದಿನಾನೂ ನಾನು ಒಂದೇ ತೋಳು ಅಳೆದು ಬಟ್ಟೆಗೆ ಕತ್ತರಿ ಹಾಕಿಲ್ಲ. ಯಾವ ಕೈಯಲ್ಲಿ ದುಡೀತಾರೋ ಆ ಭುಜಾನೇ ಬೇರೆ. ಅಲ್ಲ, ಆ ಹೆಂಗಸರು ಜೊಂಡು ಹಿಡಿಯೋದು ಯಾವ ಕಾಲಲ್ಲಿ?”

ಬಲಗಾಲಲ್ಲಿ ಎಂದೆ. ಎಡಗಾಲು ಮಡಚಿ ಅದರ ಮೇಲೆ ಕೂರುತ್ತಾರೆ. ಬಲಮಂಡಿ ಎತ್ತಿ, ಬಲಪಾದದ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಜೊಂಡಿನ ತುದಿ ಸಿಕ್ಕಿಸಿ, ಜಗ್ಗಿ ಹೊಸೆಯುತ್ತಾರೆ. ಮೂರು ವರ್ಷ ಎದುರಿಗೆ ಕೂತು ನೋಡಿದ್ದೆ. ಅಳೆಯಲು ಹಲಗೆ ಇಟ್ಟ ಕ್ಷಣದಲ್ಲಿ ಅದನ್ನೆಲ್ಲ ಮರೆತು ಪುಸ್ತಕದ ನಿಯಮ ಹಿಡಿದಿದ್ದೆ. ಒಂದು ಕಾಲು ಹಲಗೆಯ ಮೇಲಿದ್ದರೆ ಇನ್ನೊಂದು ಹಿಂದಿನ ಮಣೆಯ ಮೇಲಿರುತ್ತಿತ್ತು, ನನ್ನ ಕಣ್ಣು ಸಂದಿ ಅಳೆಯುವ ಕ್ಯಾಲಿಪರ್ ಬಿಟ್ಟು ಕದಲುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಅವರು ನೋಯುವ ಕಾಲನ್ನಷ್ಟೇ ತೋರಿಸುತ್ತಿದ್ದರು. ಬಲವೋ ಎಡವೋ ನಾನು ಗಮನಕ್ಕೇ ತಂದುಕೊಂಡಿರಲಿಲ್ಲ. ಇಷ್ಟು ಓದಿ ಇಷ್ಟು ದಡ್ಡಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಅಳು ಬಂತು, ಅತ್ತೆ ಎದುರಿಗಿದ್ದರೆಂದು ನುಂಗಿಕೊಂಡೆ.

ಅಳತೆಯ ಮೂಲ ಪುಸ್ತಕ ತೆಗೆದೆ. ಒಬ್ಬೊಬ್ಬ ಹೆಂಗಸಿಗೆ ಒಂದು ನಂಬರು, ಒಂದು ಸಾಲು, ಪ್ರತಿ ಸಾಲಿನ ಕೊನೆಗೆ ಷರಾ ಬರೆಯುವ ಕಾಲಂ ಇತ್ತು. ಮೊದಲನೇ ನಂಬರಿನ ಎದುರು ನನ್ನದೇ ಮುದ್ದಾದ ಅಕ್ಷರದಲ್ಲಿ, ‘ಸೂಚನೆ ಅರ್ಥವಾಗಲಿಲ್ಲ.’ ನಾಲ್ಕನೇ ನಂಬರಿಗೂ ಅದೇ. ಐದು, ಏಳು, ಎಂಟು. ಎಣಿಸಿದೆ, ಮೂವತ್ತೊಂದು. ಯಾಕೆ ಹಾಗೆ ಬರೆದಿದ್ದೆ ಎಂಬುದು ಒಮ್ಮೆಲೇ ನೆನಪಾಯಿತು. ಪಾದ ಅಳೆಯುತ್ತೇನೆ, ಕಾಲು ಇಡಿ ಎಂದಾಗ ಮೂವತ್ತೊಂದು ಜನ ಬಲಗಾಲನ್ನೇ ಮುಂದಿಟ್ಟಿದ್ದರು. ನಾನು ಪ್ರತಿಯೊಬ್ಬರಿಗೂ ಇದಲ್ಲ, ಇನ್ನೊಂದು ಎಂದು ತಿದ್ದಿದ್ದೆ.

ಎಲುಬು ಮೇಷ್ಟ್ರ ಕೋಣೆಗೆ ಅದೇ ದಿನ ಹೋದೆ. ವಿಭಾಗದ ಅಳತೆಯ ಕೈಪಿಡಿ ಬರೆದವರು ಅವರೇ, ಎಡಗಡೆಯ ನಿಯಮವೂ ಅವರದೇ. ಮೊದಲು ಅವರು ಕೇಳಿಸಿಕೊಳ್ಳಲೇ ಸಿದ್ಧರಿರಲಿಲ್ಲ. ನಾನು ಬಿಡಲಿಲ್ಲ. ಬಲಗಾಲು ಅಳೆದರೆ ಎಡಗಾಲೇ ಹೋಲಿಕೆಗೆ ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿದೆ ಎಂದೆ. ಅದೇ ಹೆಂಗಸು, ಅದೇ ರಕ್ತ, ಅದೇ ನೀರು, ಅದೇ ಊಟ. ಕೆಲಸ ಮಾತ್ರ ಒಂದು ಕಾಲಿನದು. ನಲವತ್ತೆರಡು ಜನರ ಬಲಗಾಲನ್ನೇ ಹುಡುಕಿಕೊಂಡು ಬರುವ ಹುಟ್ಟು ಊನ ಯಾವುದಾದರೂ ಇದೆಯೇ ಸರ್ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ನಲವತ್ತೆರಡಕ್ಕೆ ನಲವತ್ತೆರಡೂ ಬೇಕು. ಬೇಕಾದವರನ್ನ ಅಳೆದು ಬೇಡದವರನ್ನ ಬಿಟ್ಟೆ ಅಂತ ಯಾರೂ ಬೆರಳು ತೋರಿಸಬಾರದು. ಒಂದು ಕಮ್ಮಿ ಆದ್ರೂ ನಾನು ಸಹಿ ಮಾಡಲ್ಲ.”

ಕೆಸರು ಮೇಡಂ ಇನ್ನೊಂದು ಕೊಕ್ಕೆ ಹಾಕಿದರು. ಈಗ ಜೊಂಡು ಕೊಯ್ಯುವ ಕಾಲ. ಹೆಂಗಸರೆಲ್ಲ ದಿನವಿಡೀ ನೀರಲ್ಲಿ ನಿಂತಿರುತ್ತಾರೆ. ನೀರಲ್ಲಿ ನಿಂತ ಪಾದ ಊದಿಕೊಳ್ಳುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಬೆಳಗ್ಗೆ ಅವರು ನೀರಿಗಿಳಿಯುವ ಮೊದಲೇ ಹಿಡಿಯಬೇಕು. ಅಷ್ಟು ಹೇಳಿ, ಯಾರು ನಡುನೀರಿನ ದಪ್ಪ ಜೊಂಡು ಹೆಣೆಯುತ್ತಾರೆ, ಯಾರು ದಡದ ಸಣ್ಣ ಜೊಂಡು ಎನ್ನುವುದನ್ನೂ ಬರೆದುಕೋ ಎನ್ನುತ್ತ ತಮ್ಮ ಉದ್ದನೆಯ ಬೂಟು ನನಗೆ ಕೊಟ್ಟರು. ಬೂಟು ಎರಡು ಸೈಜು ದೊಡ್ಡದು.

ಮರುದಿನದಿಂದ ಬೆಳಕು ಹರಿಯುವಷ್ಟರಲ್ಲಿ ಜೌಗಿನ ದಡದಲ್ಲಿ ಹಲಗೆ ಇಟ್ಟುಕೊಂಡು ಕಾಯತೊಡಗಿದೆ. ಕುಡುಗೋಲು ಹಿಡಿದು ಬಂದ ಹೆಂಗಸರು ನನ್ನನ್ನು ನೋಡಿ ಬಿದ್ದುಬಿದ್ದು ನಕ್ಕರು. ಎಡಗಾಲು ಮೇಡಂ ಬಂದ್ರು ನೋಡ್ರೇ ಎಂದು ಒಬ್ಬಳು ಕೂಗಿದಳು. ಅವರ ನಡುವೆ ಮೂರು ವರ್ಷದಿಂದ ನನ್ನ ಹೆಸರು ಅದೇ ಆಗಿತ್ತಂತೆ. ಈ ಸಲ ಬಲಗಾಲು ಎಂದಾಗ ಇನ್ನೂ ನಕ್ಕರು. ಮುಂದಿನ ಸಲ ಮೂರನೇ ಕಾಲು ಕೇಳ್ತೀರೇನೋ, ಅದನ್ನೂ ಬೆಳೆಸಿ ಇಟ್ಟಿರ್ತೀವಿ ಎಂದರು. ಆದರೂ ಇಟ್ಟರು. ದಿನಕ್ಕೆ ಮೂವರು, ನಾಲ್ವರು. ಬೂಟು ಕೆಸರಲ್ಲಿ ಕಚ್ಚಿಕೊಂಡು ನಾನು ಎರಡು ಸಲ ಅಂಗಾತ ಬಿದ್ದೆ. ಮೂರನೇ ದಿನ ಬೂಟು ಬಿಸಾಡಿ ಬರಿಗಾಲಲ್ಲಿ ನಡೆದೆ.

ಅಂಕಿಗಳು ಮಾತಾಡತೊಡಗಿದವು. ಎಡಗಾಲಲ್ಲಿ ನಾಲ್ಕು ಮಿಲಿಮೀಟರ್ ಇದ್ದ ಸಂದಿ ಬಲಗಾಲಲ್ಲಿ ಹದಿನೇಳು. ದಪ್ಪ ಜೊಂಡು ಹೆಣೆಯುವವರಲ್ಲಿ ಇಪ್ಪತ್ತೊಂದು. ಕೆಸರು ಮೇಡಂ ಹೇಳಿದ್ದು ಇದಕ್ಕೇ. ನೀರು ಎಷ್ಟು ಆಳವೋ ಜೊಂಡು ಅಷ್ಟು ದಪ್ಪ, ಜೊಂಡು ಎಷ್ಟು ದಪ್ಪವೋ ಬೆರಳ ಸಂದಿ ಅಷ್ಟು ಅಗಲ. ಹಾಗೆ ಕೂರುವುದನ್ನು ಕಲಿಸಿದವಳು ತಾಯಿ. ಎಲುಬು ಎಲ್ಲಿ ಮುಗಿದು ಜೌಗು ಎಲ್ಲಿ ಶುರುವಾಗುತ್ತದೆ, ಜೌಗು ಎಲ್ಲಿ ಮುಗಿದು ತಾಯಿಯ ಮಾತು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನಗೆ ಆಗಲಿಲ್ಲ. ಮೂರು ಮಹಡಿ ಹತ್ತಿ ಇಳಿದದ್ದು ದಂಡವಾಗಲಿಲ್ಲ ಎಂದು ಮೊದಲ ಸಲ ಅನ್ನಿಸಿತು.

ಹದಿಮೂರು ದಿನದಲ್ಲಿ ನಲವತ್ತೊಂದು ಆಯಿತು. ಉಳಿದದ್ದು ಒಂದನೇ ನಂಬರು.

ಒಂದನೇ ನಂಬರಿನವರು ಎಲ್ಲರಿಗಿಂತ ಹಿರಿಯರು, ಅಲ್ಲಿನ ಅರ್ಧ ಹೆಂಗಸರಿಗೆ ಹೆಣೆಯಲು ಕಲಿಸಿದ ಅಜ್ಜಿ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ನೀರಿಗೆ ಇಳಿಯುವ ವಯಸ್ಸಲ್ಲದ್ದರಿಂದ ದಡದ ಮೇಲೆ ಕೂತು ಜೊಂಡನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಿದ್ದರು. ಮೊದಲ ದಿನವೇ ಕೇಳಿದ್ದೆ, ತಲೆ ಎತ್ತಿರಲಿಲ್ಲ. ಆಮೇಲೂ ಎರಡು ಸಲ ಕೇಳಿದೆ. ಬೇರೆ ಹೆಂಗಸರು ಹೇಳಿ ನೋಡಿದರು, ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಇನ್ನು ಐದು ದಿನವಿತ್ತು, ಬರೆಯುವುದಕ್ಕೇ ನಾಲ್ಕು ದಿನ ಬೇಕಿತ್ತು. ಈ ಒಂದು ಕಾಲು ಸಿಗದಿದ್ದರೆ ನಲವತ್ತೊಂದೂ ನೀರಲ್ಲಿ ಹೋಮ.

ಅವತ್ತು ಬೆಳಿಗ್ಗೆ ಅಜ್ಜಿಯ ಎದುರು ಕೆಸರಲ್ಲೇ ಕೂತೆ. ಬೇಡಿಕೊಳ್ಳುವ ಮಾತೆಲ್ಲ ಮುಗಿದಿತ್ತು. ಅಳತೆಯ ಪುಸ್ತಕ ತೆಗೆದು, ಅವರ ಸಾಲಿನ ಮೇಲೆ ಬೆರಳಿಟ್ಟು, ಆಗ ನಿಮ್ಮ ಬಗ್ಗೆ ಏನು ಬರೆದಿದ್ದೆನೋ ಓದುತ್ತೇನೆ ಎಂದೆ. ಓದಿದೆ. ಸೂಚನೆ ಅರ್ಥವಾಗಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಓದಿದೆ.

ಅಜ್ಜಿ ಕೈಯಲ್ಲಿದ್ದ ಜೊಂಡು ಬಿಟ್ಟರು.

“ನಾನು ಅವತ್ತು ಸರಿಯಾದ ಕಾಲೇ ಕೊಟ್ಟೆ. ಎಪ್ಪತ್ತು ವರ್ಷ ದುಡಿದ ಕಾಲು. ನೀನು ಮೊಣಕಾಲಿಗೆ ತಟ್ಟಿ, ಇದಲ್ಲ ಅಂದೆ. ಇಷ್ಟು ಜನರ ಮುಂದೆ. ನಾನು ಇವರಿಗೆಲ್ಲ ಕಲಿಸಿದವಳು, ಗೊತ್ತಾ?”

ಗೊತ್ತು ಅಜ್ಜಿ ಎಂದೆ. ತಪ್ಪಾಯಿತು ಎಂದೆ. ಅದು ತೀರಾ ಸಣ್ಣ ಮಾತೆನಿಸಿತು.

“ತಪ್ಪಾಯ್ತು ಅಂತ ನನ್ನ ಹತ್ರ ಹೇಳ್ಬೇಡ,” ಎಂದರು ಅಜ್ಜಿ. “ಎಲ್ಲಿ ಬರೆದಿದೀಯೋ ಅಲ್ಲಿ ಹೇಳು. ಅರ್ಥ ಆಗದೇ ಇದ್ದದ್ದು ಯಾರಿಗೆ ಅಂತ ಬರಿ.”

ಅಲ್ಲೇ ಗೆರೆ ಎಳೆದು, ಹಳೆಯದು ಕಾಣುವಂತೆಯೇ ಬಿಟ್ಟು, ಪಕ್ಕದಲ್ಲಿ ಬರೆದೆ: ‘ಅಳೆದವಳಿಗೆ ಅರ್ಥವಾಗಲಿಲ್ಲ.’ ಓದಿ ಹೇಳಿದೆ. ಉಳಿದವರದು ಎಂದು ಕೇಳಿದರು. ಉಳಿದ ಮೂವತ್ತು ಸಾಲನ್ನೂ ಅವರ ಎದುರಿಗೇ ತಿದ್ದಿದೆ. ಒಂದೊಂದು ನಂಬರು ಯಾರದೆಂದು ಕೇಳಿ ತಿಳಿದುಕೊಂಡು, ತಲೆ ಆಡಿಸುತ್ತ ಹೋದರು. ಆಮೇಲೆ ಸೆರಗಿನಿಂದ ಪಾದ ಒರೆಸಿಕೊಂಡು ಬಲಗಾಲನ್ನು ಹಲಗೆಯ ಮೇಲಿಟ್ಟರು. ಇಪ್ಪತ್ತಾರು ಮಿಲಿಮೀಟರು. ಎರಡು ಸಲ ಅಳೆದೆ.

ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಪ್ರಬಂಧ ಹಿಡಿದು ಎಲುಬು ಮೇಷ್ಟ್ರ ಕೋಣೆಯಲ್ಲಿ ನಿಂತಿದ್ದೆ. ಉಳಿದಿಬ್ಬರ ಸಹಿ ಆಗಿತ್ತು. ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಅವರು ಅಂಕಿಗಳನ್ನು ಒಂದೊಂದಾಗಿ ನೋಡಿದರು, ಎರಡು ಕಡೆ ಕ್ಯಾಲ್ಕುಲೇಟರ್ ಒತ್ತಿ ಪರೀಕ್ಷಿಸಿದರು, ಎಲ್ಲ ಸರಿಯಿದೆ ಎಂದರು. ಆಮೇಲೆ ಅನುಬಂಧ ತೆರೆದರು. ಅಳತೆಯ ಪುಸ್ತಕದ ಪುಟಗಳನ್ನು ನಾನು ಹಾಗೇ ಫೋಟೋ ತೆಗೆದು ಸೇರಿಸಿದ್ದೆ. ಷರಾ ಕಾಲಂ ತೆಗೆದುಹಾಕು ಎಂದರು. ಬೇಕಿಲ್ಲದ್ದು, ಓದಿದವರು ನಗುತ್ತಾರೆ, ಪರೀಕ್ಷಕರು ಇದನ್ನೇ ಹಿಡಿದು ಜಗ್ಗುತ್ತಾರೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು.

ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಮೂರು ವರ್ಷ, ನಲವತ್ತೆರಡು ಜನ, ಇವರ ಒಂದು ಸಹಿ.

“ತೆಗೆಯಲ್ಲ ಸರ್,” ಎಂದೆ. “ಯಾವ ಕಾಲು ಅಳೀಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಈ ಪ್ರಬಂಧದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅದೇ. ನೀವು ಸಹಿ ಮಾಡದಿದ್ರೆ ಮತ್ತೆ ನೋಂದಣಿ ಮಾಡಿಸ್ತೀನಿ, ಮತ್ತೆ ಬರ್ತೀನಿ. ಇದನ್ನ ಮಾತ್ರ ತೆಗೆಯಲ್ಲ.”

ಮೇಷ್ಟ್ರು ಪುಟ ತಿರುಗಿಸಿ ಮೂವತ್ತೊಂದು ಸಾಲನ್ನೂ ಓದಿದರು, ತುಟಿ ಅಲ್ಲಾಡುತ್ತಿತ್ತು. ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಮತ್ತೆ ಕೂತು, ಪೆನ್ನು ತೆಗೆದು, ಮೊದಲನೇ ಸಾಲಿನ ‘ಅಳೆದವಳಿಗೆ ಅರ್ಥವಾಗಲಿಲ್ಲ’ದ ಕೆಳಗೆ ತಮ್ಮ ವಕ್ರ ಅಕ್ಷರದಲ್ಲಿ ‘ಅಳೆಯಲು ಕಲಿಸಿದವನಿಗೂ’ ಎಂದು ಬರೆದು ದಿನಾಂಕ ಹಾಕಿದರು. ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ ಸಹಿ ಮಾಡಿದರು.