ತೂದಾ ಹೇಳಿದ ಲೆಕ್ಕ

ನನ್ನ ಕೆಲಸ ಕಾಯಂ ಆಗಲು ಎರಡು ಬೇಕಿತ್ತು. ಶಿಕ್ಷಣ ಹೇಗಿರಬೇಕು ಎಂಬ ನನ್ನ ಸ್ವಂತ ನಿಲುವನ್ನು ಹೇಳುವ ಒಂದು ಪುಟದ ಬರಹ, ಆ ನಿಲುವಿನ ಪ್ರಕಾರ ಇನ್‌ಸ್ಪೆಕ್ಟರ್ ಎದುರು ಒಂದು ಪಾಠ. ಮೆಕ್ನೆಸ್ ಪಟ್ಟಣದಲ್ಲಿ ನನ್ನ ಜೊತೆ ತರಬೇತಿ ಪಡೆದವರಲ್ಲಿ ಮುಕ್ಕಾಲು ಪಾಲು ಜನ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪುಟಕ್ಕೇ ತಮ್ಮ ಹೆಸರು ಹಾಕಿ ಕೊಟ್ಟರು. ಅದರಲ್ಲಿ ಮಗು ಮೊಗ್ಗು, ಶಿಕ್ಷಕ ಮಾಲಿ. ನನಗೆ ಮೊದಲಿಂದಲೂ ಸ್ವಲ್ಪ ಜಂಬ ಜಾಸ್ತಿ. ಮೂರು ದಿನ ಕೂತು ನಾನೇ ಬರೆದೆ. ಪಾಠ ಮಗುವಿನ ಮನೆಯಿಂದ ಶುರುವಾಗಬೇಕು, ಅದಕ್ಕೆ ಗೊತ್ತಿರುವುದನ್ನು ಕೇಳುತ್ತ ಗೊತ್ತಿಲ್ಲದ ಕಡೆಗೆ ಕರೆದೊಯ್ಯಬೇಕು ಎಂಬುದು ಅದರ ಸಾರ. ಈಗಲೂ ಅದು ತಪ್ಪು ಎಂದು ನಾನು ಹೇಳುವುದಿಲ್ಲ.

ನನಗೆ ಸಿಕ್ಕಿದ್ದು ಮಿದೆಲ್ತ್ ಪಟ್ಟಣದಿಂದ ಮೇಲೆ, ಬೆಟ್ಟದ ಒಂದು ಹಳ್ಳಿ. ನಾಲ್ಕು ತರಗತಿಗೆ ಒಂದೇ ಕೋಣೆ, ನಾನೊಬ್ಬಳೇ ಶಿಕ್ಷಕಿ. ಮೊದಲ ವರ್ಷದ ಪರೀಕ್ಷೆಯಲ್ಲಿ ನಪಾಸಾಗಿದ್ದೆ. ಎರಡನೇ ಸಲವೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಇನ್‌ಸ್ಪೆಕ್ಟರ್ ಸಿ ತಿಹಾಮಿ ಕಾರಿನಿಂದ ಇಳಿದು ಬೂಟಿನ ಕೆಸರು ಒರೆಸಿಕೊಳ್ಳುವಾಗ ನಾನು ಶುಚಿಯಾಗಿದ್ದ ಕರಿಹಲಗೆಯನ್ನೇ ಮತ್ತೆ ಒರೆಸುತ್ತಿದ್ದೆ.

ಅವರು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪುಟ ಓದಿದರು. ಚೆನ್ನಾಗಿದೆ, ಈಗ ಮಾಡಿ ತೋರಿಸಿ ಎಂದರು. ಅವತ್ತು ಕಳೆಯುವ ಲೆಕ್ಕ. ಬೆಟ್ಟದ ಮಕ್ಕಳಿಗೆ ಆಡಿಗಿಂತ ಹತ್ತಿರದ್ದು ಇನ್ನೇನಿದೆ? ನಿಮ್ಮ ಮನೆಯಲ್ಲಿ ಎಷ್ಟು ಆಡುಗಳಿವೆ ಎಂದು ಮೊದಲ ಸಾಲಿನವನನ್ನು ಕೇಳಿದೆ. ಇವೆ ಎಂದ. ಎಷ್ಟು ಎಂದರೆ ಬೇಕಾದಷ್ಟು ಎಂದ. ಪಕ್ಕದವಳು ದೇವರ ದಯೆ ಎಂದಳು. ಮೂರನೆಯವನು ನೆಲ ನೋಡಿದ.

ಆಗ ನೆನಪಾಯಿತು. ನಾನೇನು ಪಟ್ಟಣದಲ್ಲಿ ಹುಟ್ಟಿದವಳಲ್ಲ. ಇಂಥದೇ ಬೆಟ್ಟದ, ಇನ್ನೊಂದು ಕಣಿವೆಯವಳು. ಚಿಕ್ಕವಳಿದ್ದಾಗ ಮನೆಗೆ ಬಂದ ನೆಂಟರಿಗೆ ನಮ್ಮ ಕುರಿಮರಿಗಳ ಲೆಕ್ಕ ಹೇಳಿ ಅಜ್ಜಿಯಿಂದ ಕೆನ್ನೆಗೆ ಏಟು ತಿಂದಿದ್ದೆ. ಕಣದಲ್ಲಿ ಬಾರ್ಲಿ ಅಳೆಯುವಾಗ ಅಜ್ಜಿ ಮೊದಲ ಅಳತೆಗೆ ಒಂದು ಅನ್ನುತ್ತಿರಲಿಲ್ಲ, ದೇವರೊಬ್ಬನೇ ಅನ್ನುತ್ತಿದ್ದಳು. ಇರುವುದನ್ನು ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ. ಆಡು, ಮಕ್ಕಳು, ಕಾಳು ಯಾವುದನ್ನೂ ಹೇಳುವಂತಿಲ್ಲ. ಆರು ವರ್ಷ ಪಟ್ಟಣದ ಅನ್ನ ತಿಂದು ಇದನ್ನು ಮರೆತಿದ್ದೆ.

ಸಿ ತಿಹಾಮಿ ಪೆನ್ನು ತೆರೆದರು. "ಯಾಮ್ನಾ ಅವರೇ, ಬರಹವೇನೋ ಚೆನ್ನಾಗಿದೆ. ಮಕ್ಕಳಿಗೆ ಎಣಿಸೋಕೇ ಬರಲ್ಲ ಅಂತ ಕಾಣ್ಸುತ್ತೆ."

ಕಿಟಕಿಯಾಚೆಯ ಕಲ್ಲುಗಳನ್ನು ಎಣಿಸಿ ಎನ್ನಬಹುದಿತ್ತು. ಬೆಂಚುಗಳನ್ನು ಎಣಿಸಿ ಎನ್ನಬಹುದಿತ್ತು. ಆದರೆ ಪುಟದಲ್ಲಿ ಮನೆಯಿಂದ ಎಂದು ಬರೆದಾಗಿತ್ತು, ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾದ ಎಂಟು ವರ್ಷದ ತೂದಾಳ ಮುಂದೆ ಹೋಗಿ ನಿಂತೆ.

"ಎದ್ದು ನಿಲ್ಲು ತೂದಾ. ಕೇಳ್ತಿರೋದು ನಾನು. ಹೇಳು, ಎಷ್ಟು?"

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನನ್ನು. ನಾನು ಕಣ್ಣು ತೆಗೆಯಲಿಲ್ಲ.

"ಹದಿನೇಳು."

ಒಂಬತ್ತು ಮೇಯಲು ಹೋದರೆ ಉಳಿದದ್ದು ಎಷ್ಟು ಎಂದೆ. ಎಂಟು ಎಂದಳು. ಸಿ ತಿಹಾಮಿ ತಲೆಯಾಡಿಸಿ ಬರೆದುಕೊಂಡರು.

ಪಾಠ ಮುಗಿದ ಮೇಲೆ ನನ್ನ ಕೋಣೆಯಲ್ಲಿ ಅವರಿಗೆ ಪುದೀನ ಚಹಾ ಕೊಟ್ಟೆ. ಮಾತಿಗೆ ಮಾತು ಎಂದು, ನಿಮಗೆಷ್ಟು ಮಕ್ಕಳು ಎಂದು ಕೇಳಿದೆ. "ದೇವರು ಕೊಟ್ಟಷ್ಟು ಇದಾರಮ್ಮ," ಎಂದು ಅವರು ಎದೆ ಮುಟ್ಟಿಕೊಂಡರು. ಹೇಳಿದ ಮೇಲೆ ಇಬ್ಬರಿಗೂ ಹೊಳೆಯಿತು. ಇಬ್ಬರೂ ಲೋಟ ನೋಡಿಕೊಂಡು ಚಹಾ ಕುಡಿದೆವು. ಹೊರಡುವ ಮುಂಚೆ ಅವರು ನಾನು ಪಾಸಾದ ಕಾಗದಕ್ಕೆ ರುಜು ಹಾಕಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹತ್ತು ದಿನದ ಮೇಲೆ ತೂದಾಳ ಮನೆಯ ದೊಡ್ಡಿಗೆ ನರಿ ನುಗ್ಗಿ ಮೂರು ಆಡು ಕೊಂದಿತು. ಮರುದಿನದಿಂದ ತೂದಾ ಶಾಲೆಗೆ ಬರಲಿಲ್ಲ. ಒಂದು ವಾರ ಕಾದೆ. ಆಮೇಲೆ, ಬರಿಗೈಲಿ ಹೋಗಬಾರದೆಂದು, ಒಂದು ಸಕ್ಕರೆ ಗಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ.

ಅವಳ ತಾಯಿ ಲಲ್ಲಾ ಇಜ್ಜಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹುಡುಗಿಯನ್ನು ಶಾಲೆಯಿಂದ ಯಾರೂ ಬಿಡಿಸಿಲ್ಲ, ತಾನೇ ಹೋಗಲ್ಲ ಅಂತ ಕೂತಿದ್ದಾಳೆ, ಆಡುಗಳನ್ನು ಕೊಂದವಳು ತಾನೇ ಅಂತಾಳೆ, ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ ಎಂದಳು. "ನಿನ್ನನ್ನ ಏನಂತ ಅನ್ನೋದು ಮಗಳೇ? ನೀನು ಪಟ್ಟಣದಲ್ಲಿ ಓದಿದೋಳು, ನಿಂಗೆ ಇದೆಲ್ಲ ಗೊತ್ತಿಲ್ಲ. ಇವಳಿಗಾದ್ರೂ ಬುದ್ಧಿ ಬೇಡ್ವಾ?"

ಆ ಮಾತನ್ನು ನಾನು ತಿದ್ದಲಿಲ್ಲ. ಊರಿನವರೆಲ್ಲ ಹಾಗೇ ಅಂದುಕೊಂಡಿದ್ದರು, ನನಗದು ಅನುಕೂಲವೇ ಆಗಿತ್ತು.

ತೂದಾ ದೊಡ್ಡಿಯಲ್ಲಿ ಒಂದು ಗಾಯವಾದ ಆಡಿನ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಕೂತೆ. ಗೋಡೆಯ ಕಲ್ಲು ಬಿದ್ದಿತ್ತು, ಅದಕ್ಕೇ ನರಿ ಬಂತು, ನರಿಗೆ ಲೆಕ್ಕ ಬರುವುದಿಲ್ಲ ಎಂದೆಲ್ಲ ವಿವರಿಸಿದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡಳು. ಒಂದು ಮಾತೂ ಒಳಗೆ ಇಳಿಯಲಿಲ್ಲ. ಅವಳ ತಾಯಿ ಚಹಾದ ತಟ್ಟೆ ಹಿಡಿದು ಬಂದು ನಮ್ಮ ಹಿಂದೆ ನಿಂತಳು.

"ಉಸ್ತಾದಾ," ಎಂದಳು ತೂದಾ, ಆಡಿನ ಕಾಲು ಬಿಡದೆ. "ಹೇಳಬಾರ್ದು ಅಂತ ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"

ಅವಳ ತಾಯಿ ನನ್ನ ಪರವಾಗಿ ಹೂಂ ಅನ್ನಲು ಬಾಯಿ ತೆರೆದಿದ್ದಳು.

"ಗೊತ್ತಿತ್ತು," ಎಂದೆ. "ನಮ್ಮೂರಲ್ಲೂ ಹೇಳಲ್ಲ. ಗೊತ್ತಿದ್ದೂ ನಿನ್ನ ಬಾಯಿಂದ ಹೇಳಿಸ್ದೆ. ನನ್ನ ಕೆಲಸ ಉಳೀಲಿ ಅಂತ."

ತಟ್ಟೆಯ ಮೇಲೆ ಲೋಟಗಳು ಕಿಣಿಗುಟ್ಟಿದವು. ತೂದಾ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು, ತುಂಬಾ ಹೊತ್ತು.

"ಹಂಗಾದ್ರೆ ಅದು ನನ್ನಿಂದ ಆಗಿದ್ದಲ್ಲ."

"ಅಲ್ಲ. ನನ್ನಿಂದ."

ಅವಳು ಉಸಿರು ಬಿಟ್ಟಳು. ಬಟ್ಟೆಯ ಗಂಟು ಬಿಗಿ ಮಾಡಿದಳು, ಮೂಗು ಒರೆಸಿಕೊಂಡಳು. ಲಲ್ಲಾ ಇಜ್ಜಾ ಚಹಾವನ್ನು ನನ್ನ ಮುಂದೆ ಇಡದೆ ಹಾಗೇ ಒಳಗೆ ಹೋದಳು. ನಾನು ಎದ್ದು ಬಂದೆ.

ಮರುದಿನ ಬೆಳಗ್ಗೆ ತೂದಾ ಎಲ್ಲರಿಗಿಂತ ಮುಂಚೆ ಬಂದು ಮೊದಲ ಬೆಂಚಿನಲ್ಲಿ ಕೂತಿದ್ದಳು. ಅದಾಗಿ ಎರಡು ವರ್ಷ ಆಯಿತು. ಊರಿನವರು ನನಗೆ ಸಲಾಂ ಹೇಳುತ್ತಾರೆ, ಮಕ್ಕಳನ್ನೂ ಕಳಿಸುತ್ತಾರೆ. ಆದರೆ ನಾನು ಓಣಿಯಲ್ಲಿ ಬರುವುದು ಕಂಡರೆ ಹೆಂಗಸರು ಆಡುಗಳನ್ನು ಒಳಗೆ ಹೊಡೆದು ಬಾಗಿಲು ಹಾಕಿಕೊಳ್ಳುತ್ತಾರೆ.